ನಡತೆ ಪ್ರಮಾಣಪತ್ರದ ಹಿಂಬದಿ

ನಿಗಮದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಸುಳ್ಳು ಪ್ರಮಾಣಪತ್ರ ಬರೆದವನು ನಾನು. ಅದಕ್ಕಾಗಿ ಮೂರು ವರ್ಷಗಳ ನಿಷೇಧ ಅನುಭವಿಸುತ್ತಿರುವವಳು ಹಲವಾಗಲಿನ ಸೌಭಾಗ್ಯ. ಇದರಲ್ಲಿ ತಪ್ಪೇನೂ ಇಲ್ಲವೆಂದು ನಿಮಗೆ ಅನ್ನಿಸಿದರೆ ಈ ಪತ್ರವನ್ನು ಇಲ್ಲಿಗೇ ಮಡಚಿಡಿ. ಏನೋ ತಪ್ಪಿದೆ ಅನ್ನಿಸಿದರೆ ದಯವಿಟ್ಟು ಕೊನೆಯವರೆಗೆ ಓದಿ. ಕೊನೆಯವರೆಗೆ ಓದುವುದು ನಿಮ್ಮ ಕಚೇರಿಯ ಪದ್ಧತಿಯಲ್ಲ ಎಂಬುದು ನನಗೆ ಈಚೆಗೆ ತಿಳಿದುಬಂದಿದೆ. ಜುಲೈ ತಿಂಗಳಲ್ಲಿ ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಎರಡು ಪತ್ರಗಳು ನಿಮ್ಮ ಕಚೇರಿಯನ್ನು ಮುಟ್ಟಿದ್ದಕ್ಕೆ ಸ್ವೀಕೃತಿ ಚೀಟಿಗಳು ನನ್ನಲ್ಲಿವೆ, ಉತ್ತರ ಮಾತ್ರ ಬಂದಿಲ್ಲ. ಹೀಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಾಲ್ಕು ಜನ ಓದಿಯಾರು.

ನಾನು ಕೊಟ್ಟೂರಿನ ಜೂನಿಯರ್ ಕಾಲೇಜೊಂದರ ಪ್ರಾಂಶುಪಾಲನಾಗಿದ್ದವನು. ಇದೇ ಮೇ 31ಕ್ಕೆ ನಿವೃತ್ತನಾದೆ. ಸೌಭಾಗ್ಯ 1996ರಿಂದ 98ರವರೆಗೆ ನಮ್ಮಲ್ಲಿ ಪಿಯುಸಿ ಓದಿದಳು. ಊರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು. ತಂದೆ ಗಾದೆಪ್ಪ ಕುರಿ ಸಾಕುವವರು. ನಮ್ಮಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವಿದೆ ಎಂಬ ಒಂದೇ ಕಾರಣಕ್ಕೆ ಅವಳು ಕೊಟ್ಟೂರಿಗೆ ಬಂದು ಸೋದರತ್ತೆಯ ಮನೆಯಲ್ಲಿ ಉಳಿದಳು. ಎತ್ತರ ಐದಡಿ ಹತ್ತಂಗುಲ. ಮೊದಲ ದಿನ ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದದ್ದು ನನಗೆ ನೆನಪಿದೆ. ಆಮೇಲೆ ಆ ಹುಡುಗಿ ತಲೆ ತಗ್ಗಿಸಿದ್ದು ಕಡಿಮೆ.

ಆಟದ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ, ನಾನು ಇತಿಹಾಸ ಕಲಿಸಿದವನು. ಆದರೆ ನಮ್ಮ ದೈಹಿಕ ಶಿಕ್ಷಕ ಚೌಡಣ್ಣನವರ ಸ್ಕೋರು ಪುಸ್ತಕಗಳು ಕಾಲೇಜಿನ ಕಪಾಟಿನಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು. 1997ರ ನವೆಂಬರಿನಲ್ಲಿ ಹೂವಿನಹಡಗಲಿಯಲ್ಲಿ ನಡೆದ ಪಂದ್ಯದಲ್ಲಿ ನಮ್ಮ ತಂಡ ಗಳಿಸಿದ್ದು ನಲವತ್ತಾರು ಅಂಕ. ಅದರಲ್ಲಿ ಮೂವತ್ತೊಂದು ಸೌಭಾಗ್ಯಳವು. ಅದೇ ಪಂದ್ಯದಲ್ಲಿ ಅವಳು ನಾಲ್ಕು ಫೌಲುಗಳನ್ನೂ ಮಾಡಿದ್ದಾಳೆ. ಚೌಡಣ್ಣ ಎರಡನ್ನೂ ಬರೆದಿಟ್ಟಿದ್ದಾರೆ.

ಇನ್ನು ಅವಳ ಕೋಪದ ವಿಷಯ. ಇದನ್ನು ನಾನು ಮುಚ್ಚಿಡುವುದಿಲ್ಲ. 1998ರ ಜನವರಿಯಲ್ಲಿ ಸಂಜೆಯ ಅಭ್ಯಾಸದ ಹೊತ್ತಿನಲ್ಲಿ ಸೌಭಾಗ್ಯ ತನ್ನದೇ ತಂಡದ ಅಮೃತಾಳ ಮುಖಕ್ಕೆ ಮೊಣಕೈಯಿಂದ ಹೊಡೆದಳು. ಅಮೃತಾಳ ಮುಂದಿನ ಹಲ್ಲೊಂದು ಮುರಿಯಿತು. ಅಂಥ ಸಂದರ್ಭದಲ್ಲಿ ಕಾಲೇಜುಗಳು ಏನು ಮಾಡುತ್ತವೋ ಅದನ್ನೇ ಮಾಡಲು ನಾವೂ ಸಿದ್ಧರಾದೆವು. ಚೌಡಣ್ಣ ಒಂದು ಹಾಳೆಯಲ್ಲಿ 'ಆಟದ ವೇಳೆ ಆಕಸ್ಮಿಕವಾಗಿ' ಎಂದು ಬರೆದುಕೊಂಡೇ ನನ್ನ ಕೋಣೆಗೆ ಬಂದರು. ಅವರ ಹಿಂದೆಯೇ ಸೌಭಾಗ್ಯ ಬಂದಳು.

"ಸಾರ್, ಅಮೃತಾನ ಹಲ್ಲು ನಾನ ಮುರದೀನ್ರಿ."

"ಲೇ, ಸುಮ್ನಿರು," ಎಂದರು ಚೌಡಣ್ಣ. "ಆಡೋವಾಗ ತಾಗೇತಿ ಅಂತ ಬರದೀನಿ."

"ತಾಗಿಲ್ರಿ ಸಾರ್, ಹೊಡದೀನಿ. ನಿನ್ನ ಮೈಯೆಲ್ಲ ಕುರಿ ವಾಸ್ನಿ ಅಂದ್ಲು. ನಾಕು ಸಲ ಅಂದ್ಲು, ಸುಮ್ನಿದ್ದೆ. ಐದನೇ ಸಲಕ್ಕ ಹೊಡದೆ."

ನಾನು ಕೇಳಿದೆ: "ತಪ್ಪು ಅಂತ ಅನಸ್ತೈತೋ ಇಲ್ಲೋ?"

"ತಪ್ಪು ಅಂತ ಗೊತ್ತೈತ್ರಿ. ಅನಸಾಕ ಇನ್ನೊಂದು ನಾಕು ದಿನ ಬೇಕು."

ಚೌಡಣ್ಣ ಹಣೆ ಚಚ್ಚಿಕೊಂಡರು. ನಾನು ಅವಳನ್ನು ಒಂದು ತಿಂಗಳು ತಂಡದಿಂದ ಹೊರಗಿಟ್ಟೆ. ಆ ತಿಂಗಳು ಹರಪನಹಳ್ಳಿಯಲ್ಲಿ ಆಡಿದ ಪಂದ್ಯದಲ್ಲಿ ನಾವು ಇಪ್ಪತ್ತೆರಡು ಅಂಕಗಳಿಂದ ಸೋತೆವು. ತಪ್ಪೆಂದು ಅನ್ನಿಸಲು ಅವಳಿಗೆ ನಾಲ್ಕು ದಿನ ಸಾಲಲಿಲ್ಲ, ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಒಬ್ಬಳೇ ಅಮೃತಾಳ ಮನೆಗೆ ಹೋಗಿ, ಅವಳ ತಂದೆ ತಾಯಿಯ ಎದುರಿಗೆ ತಪ್ಪಾಯಿತೆಂದು ಹೇಳಿ ಬಂದಳು. ಹೋಗೆಂದು ನಾವ್ಯಾರೂ ಹೇಳಿರಲಿಲ್ಲ.

ಈಗ ಪ್ರಮಾಣಪತ್ರಕ್ಕೆ ಬರುತ್ತೇನೆ. ಪಿಯುಸಿ ಮುಗಿಸಿ ಹೋಗುವ ಪ್ರತಿಯೊಬ್ಬರಿಗೂ ಕಾಲೇಜು ನಡತೆ ಪ್ರಮಾಣಪತ್ರ ಕೊಡುತ್ತದೆ. ಅಚ್ಚಾದ ನಮೂನೆಯಲ್ಲಿ 'ನಡತೆ' ಎಂಬ ಪದದ ಮುಂದೆ ಒಂದು ಗೆರೆಯಷ್ಟು ಜಾಗ. ಅಲ್ಲಿ ಏನು ಬರೆಯುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಕಾಲೇಜಿನಲ್ಲಿ ಬರೆಯುವ ಕಷ್ಟವೂ ಇರಲಿಲ್ಲ. 'ತೃಪ್ತಿಕರ' ಎಂಬ ರಬ್ಬರ್ ಸೀಲು ಮಾಡಿಸಿಟ್ಟಿದ್ದೆವು. ಗುಮಾಸ್ತರು ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಮಕ್ಕಳ ನಡತೆಯನ್ನು ತೃಪ್ತಿಕರ ಮಾಡಿ ಮನೆಗೆ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಚೀಟಿ ಇಟ್ಟು ಸಿಕ್ಕಿಬಿದ್ದವರು, ಪ್ರಯೋಗಶಾಲೆಯ ಬೀಗ ಒಡೆದವರು, ಎರಡು ವರ್ಷ ಮುಖವನ್ನೇ ತೋರಿಸದವರು, ಎಲ್ಲರೂ ತೃಪ್ತಿಕರ. ಆ ಸಾವಿರಾರು ಹಾಳೆಗಳಿಗೆ ನಾನು ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ.

ಸೌಭಾಗ್ಯಳ ಹಾಳೆ ಬಂದಾಗ ಮಾತ್ರ ಆ ಸೀಲು ಒತ್ತಲು ಮನಸ್ಸು ಬರಲಿಲ್ಲ. ಈ ಹುಡುಗಿಯ ಬಗ್ಗೆ ಹೇಳಲು ನಿಜವಾಗಿಯೂ ಏನೋ ಇದೆ, ಹೇಳೋಣ ಅನ್ನಿಸಿತು. ಪೆನ್ನು ತೆಗೆದು ಹೀಗೆ ಬರೆದೆ: "ಮುಂಗೋಪಿ. ಸಹಪಾಠಿಯೊಬ್ಬಳಿಗೆ ಬೇಕೆಂದೇ ಹೊಡೆದು ಗಾಯಗೊಳಿಸಿದ್ದುಂಟು." ಅಷ್ಟಕ್ಕೇ ಜಾಗ ಮುಗಿಯಿತು. ಹಾಳೆ ತಿರುವಿ ಹಿಂಬದಿಯಲ್ಲಿ ಮುಂದುವರಿಸಿದೆ: "ಯಾರೂ ಕೇಳುವ ಮೊದಲೇ ತಾನಾಗಿ ಬಂದು ಒಪ್ಪಿಕೊಂಡಳು, ಶಿಕ್ಷೆಯನ್ನು ಪೂರ್ತಿ ಅನುಭವಿಸಿದಳು. ಎರಡು ವರ್ಷಗಳಲ್ಲಿ ಈಕೆ ಒಂದು ಸುಳ್ಳು ಹೇಳಿದ್ದನ್ನೂ ನಾನು ಕಂಡಿಲ್ಲ. ನಂಬಿ ಜವಾಬ್ದಾರಿ ವಹಿಸಬಹುದಾದ ಹುಡುಗಿ."

ಇಡೀ ಸೇವಾವಧಿಯಲ್ಲಿ ನಾನು ಬರೆದ ಒಂದೇ ಒಂದು ನಿಜವಾದ ನಡತೆ ಪ್ರಮಾಣಪತ್ರ ಅದು. ಅದರಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಸಹಿಯ ಜಾಗ ಮುಂಬದಿಯ ಕೆಳಗಿತ್ತು, ಅಲ್ಲೇ ಸಹಿ ಹಾಕಿದೆ. 'ಹಿಂಬದಿ ನೋಡಿ' ಎಂದು ಬರೆಯಲು ಮರೆತೆ. ಹಾಳೆ ಕೈಯಲ್ಲಿ ಹಿಡಿದವರು ತಿರುಗಿಸಿ ನೋಡಿಯೇ ನೋಡುತ್ತಾರೆ ಎಂದುಕೊಂಡಿದ್ದೆ.

ಈ ವರ್ಷ ಫೆಬ್ರವರಿಯಲ್ಲಿ, ತಂಡಕ್ಕೆ ಆಯ್ಕೆಯಾದವರಿಗೆ ನಿಗಮದಲ್ಲಿ ನೌಕರಿ ಎಂಬ ನಿಮ್ಮ ಪ್ರಕಟಣೆ ನೋಡಿ ಸೌಭಾಗ್ಯ ಅರ್ಜಿ ಹಾಕಿದಳು. ನಡತೆ ಪ್ರಮಾಣಪತ್ರದ ದೃಢೀಕರಿಸಿದ ಜೆರಾಕ್ಸ್ ಪ್ರತಿ ಲಗತ್ತಿಸಬೇಕೆಂದು ನೀವು ಕೇಳಿದ್ದಿರಿ, ಲಗತ್ತಿಸಿದಳು. ಮಾರ್ಚಿನಲ್ಲಿ ನಲವತ್ತು ಹುಡುಗಿಯರ ನಡುವೆ ನಡೆದ ಆಯ್ಕೆ ಶಿಬಿರದಲ್ಲಿ ನಿಮ್ಮದೇ ತರಬೇತುದಾರರು ಅವಳಿಗೆ ಮೊದಲ ಸ್ಥಾನ ಕೊಟ್ಟರು. ಏಪ್ರಿಲಿನಲ್ಲಿ ನಿಮ್ಮ ಕಚೇರಿಯಿಂದ ಪತ್ರ ಬಂತು: ನಡತೆಯ ಬಗ್ಗೆ ಪ್ರತಿಕೂಲ ವರದಿ ಇದೆ, ಹದಿನೈದು ದಿನದೊಳಗೆ ಸಮರ್ಪಕ ಪ್ರಮಾಣಪತ್ರ ಹಾಜರುಪಡಿಸತಕ್ಕದ್ದು.

ಆ ಪತ್ರ ಹಿಡಿದುಕೊಂಡು ಗಾದೆಪ್ಪ ಒಬ್ಬರೇ ಕೊಟ್ಟೂರಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾರ, ಎಲ್ಲಾ ಹುಡುಗ್ರಿಗೂ ಏನೋ ಒಂದು ಮಾತು ಹಾಕಿ ಕೊಡ್ತೀರಂತಲ್ರಿ. ಅದನ್ನ ನನ್ನ ಮಗಳಿಗೂ ಹಾಕ್ರಿ. ಹೆಚ್ಚಿಂದೇನೂ ಬ್ಯಾಡ."

"ಗಾದೆಪ್ಪ, ನಿನ್ನ ಮಗಳಿಗೆ ಹೆಚ್ಚಿಂದ ಬರದಿದ್ದೆ."

"ಹೂನ್ರಿ, ಆಕಿ ಓದಿ ಹೇಳ್ಯಾಳ. ನಮಗ ಹೆಚ್ಚಿಂದು ಒಗ್ಗಲಿಲ್ಲ ಅಂತ ಕಾಣ್ತೈತಿ."

ಐದೂ ವಾಕ್ಯಗಳನ್ನು ಓದಿದ ಮೇಲೆಯೇ ನೀವು ಅವಳನ್ನು ಬೇಡವೆಂದಿರಿ ಎಂದು ಆಗ ನಾನು ನಂಬಿದ್ದೆ. ಲೋಕಕ್ಕೆ ಬೇಕಾದದ್ದು ಸೀಲೇ ಆದರೆ ಸೀಲೇ ಇರಲಿ ಎಂದುಕೊಂಡೆ. ನಿವೃತ್ತಿಗೆ ಆರು ವಾರ ಉಳಿದಿತ್ತು. ಹೊಸ ನಮೂನೆ ತರಿಸಿ ನನ್ನ ಕೈಯಾರೆ 'ತೃಪ್ತಿಕರ' ಎಂದು ಒತ್ತಿ, ಸಹಿ ಮಾಡಿ ಕೊಟ್ಟೆ. ಮಗಳನ್ನು ಒಂದು ಮಾತೂ ಕೇಳಲಿಲ್ಲ. ಗಾದೆಪ್ಪ ಅದನ್ನು ತಲೆಗೆ ಸುತ್ತಿದ್ದ ಪಟಕದ ಅಂಚಿನಲ್ಲಿ ಸುತ್ತಿ ಜೋಪಾನವಾಗಿ ಒಯ್ದು ನೆಟ್ಟಗೆ ಅಂಚೆಗೆ ಹಾಕಿದರು.

ಮೇ ತಿಂಗಳ ಸಂದರ್ಶನದಲ್ಲಿ ನೀವು ಅವಳಿಂದ ಹಳೆಯದರ ಮೂಲವನ್ನೂ ಪಡೆದು, ಎರಡೂ ಪ್ರಮಾಣಪತ್ರಗಳನ್ನು ಮೇಜಿನ ಮೇಲಿಟ್ಟು, ಇವೆರಡರಲ್ಲಿ ನಿಜ ಯಾವುದೆಂದು ಅವಳನ್ನೇ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಅವಳು ಹೇಳಿದಳು: "ಹಳೇದು ಖರೆ ಐತ್ರಿ. ಹೊಸದನ್ನ ಸಾರು ನಮ್ಮಪ್ಪನ ಮುಖ ನೋಡಿ ಕೊಟ್ಟಾರ."

ಮಾನ್ಯರೇ, ಸ್ವಲ್ಪ ನಿಂತು ಯೋಚಿಸಿ. ಆ ಮೇಜಿನ ಮುಂದೆ ಕೂತಿದ್ದ ಹುಡುಗಿಗೆ 'ಹೊಸದು ನಿಜ' ಎಂಬ ಎರಡು ಪದ ಸಾಕಿತ್ತು. ನೌಕರಿ ಸಿಗುತ್ತಿತ್ತು, ತಂಡ ಸಿಗುತ್ತಿತ್ತು. ಅವಳು ನಿಜ ಹೇಳಿದಳು. ಜೂನ್ 12ರ ನಿಮ್ಮ ಆದೇಶ ಆ ನಿಜವನ್ನೇ ಅವಳ ಕೊರಳಿಗೆ ಕಟ್ಟಿತು: "ಅಭ್ಯರ್ಥಿಯು ಸುಳ್ಳು ಪ್ರಮಾಣಪತ್ರ ಹಾಜರುಪಡಿಸಿರುವುದನ್ನು ಸ್ವತಃ ಒಪ್ಪಿಕೊಂಡಿರುವುದರಿಂದ ಮೂರು ವರ್ಷಗಳ ಕಾಲ ಆಯ್ಕೆ ಪ್ರಕ್ರಿಯೆಯಿಂದ ನಿಷೇಧಿಸಲಾಗಿದೆ." ಎರಡೂ ಮೂಲ ಪತ್ರಗಳನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ ನೀವೇ ಇಟ್ಟುಕೊಂಡಿರಿ. ಸುಳ್ಳು ಹೇಳದಿದ್ದವಳಿಗೆ ಸುಳ್ಳಿನ ಶಿಕ್ಷೆ ಕೊಡಲು ಅವಳದೇ ಸತ್ಯವನ್ನು ಸಾಕ್ಷಿಯಾಗಿ ಬಳಸಿದ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ಜುಲೈ ಮೊದಲ ವಾರ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ಮೂರೂ ದಿನ ಸಭೆಯಲ್ಲೇ ಇದ್ದಿರಿ. ಮೂರನೆಯ ದಿನ, ನನ್ನ ವಯಸ್ಸು ನೋಡಿಯೋ ಏನೋ, ನಿಮ್ಮ ಗುಮಾಸ್ತರೊಬ್ಬರು ಕಡತ ತೆರೆದು ತೋರಿಸಿದರು. ಅದರಲ್ಲಿ ನನ್ನ ಹಳೆಯ ಪ್ರಮಾಣಪತ್ರದ ಜೆರಾಕ್ಸ್ ಇತ್ತು. 'ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ' ಎಂಬ ನಿಮ್ಮ ಮೊಹರೂ ಇತ್ತು. ನಾನು ಹಾಳೆ ತಿರುವಿದೆ. ಹಿಂದೆ ಖಾಲಿ.

"ಇದರ ಹಿಂಬದಿ ಎಲ್ಲಿ?" ಎಂದು ಕೇಳಿದೆ.

"ಹಿಂಬದಿ ಅಂದ್ರೆ?"

"ಮೂಲದಲ್ಲಿ ಎರಡೂ ಬದಿ ಬರೆದಿದೆ."

"ಸಾರ್, ನಾವು ಫೈಲಲ್ಲಿ ಇಡೋದು ನಕಲು. ನಕಲಿಗೆ ಒಂದೇ ಬದಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಜೆರಾಕ್ಸಿನಲ್ಲಿ ಅಕ್ಷರಗಳ ಸುತ್ತ ಬೂದು ಬಣ್ಣದ ಕಲೆಗಳಿದ್ದವು. ನಾನು ಶಾಯಿ ಪೆನ್ನಿನಲ್ಲಿ ಬರೆಯುವವನು. ಹಿಂದೆ ಬರೆದದ್ದು ಮುಂದಕ್ಕೆ ಒಸರುತ್ತದೆ. ಅವಳ ಒಳ್ಳೆಯತನವೆಲ್ಲ ನಿಮ್ಮ ಕಡತದಲ್ಲಿ ಕಲೆಯಾಗಿ ಬಿದ್ದಿತ್ತು. ಮೊದಲ ಎರಡು ವಾಕ್ಯಗಳ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು: ನೀವು ಐದು ವಾಕ್ಯ ಓದಿ ಬೇಡವೆಂದವರಲ್ಲ, ಎರಡನ್ನು ಓದಿ ಬೇಡವೆಂದವರು. ನಾನು ಹಿಂಬದಿಯ ವಿಷಯ ತಿಳಿಸಿ ಒಂದು ಕಾರ್ಡು ಬರೆದಿದ್ದರೆ ಸಾಕಿತ್ತು. ಅದರ ಬದಲು ಸುಳ್ಳು ಬರೆದೆ.

ಅದೇ ಕಡತದಲ್ಲಿ ಇನ್ನೊಂದು ಟಿಪ್ಪಣಿ ಕಂಡೆ: "ಒಂದೇ ವರ್ಷದಲ್ಲಿ ಎರಡು ಜಿಲ್ಲೆಗಳ ಪರ ಆಡಿರುತ್ತಾರೆ, ತಂಡನಿಷ್ಠೆ ಸಂಶಯಾಸ್ಪದ." ಮಾನ್ಯರೇ, 1997ರ ಆಗಸ್ಟಿನಲ್ಲಿ ಸರ್ಕಾರ ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿತು. ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಜಿಲ್ಲಾ ತಂಡಕ್ಕೆ ಆಟಗಾರ್ತಿಯ ಸ್ವಂತ ಊರೇ ಲೆಕ್ಕ. ಹುಡುಗಿ ಇದ್ದಲ್ಲೇ ಇದ್ದಳು, ಜಿಲ್ಲೆ ಅವಳನ್ನು ದಾಟಿಕೊಂಡು ಹೋಯಿತು. ನಿಷ್ಠೆಯ ಬಗ್ಗೆ ವಿವರಣೆ ಬೇಕಿದ್ದರೆ ವಿಧಾನಸೌಧಕ್ಕೆ ನೋಟಿಸು ಕಳಿಸಿ.

ನಿಮ್ಮ ಕಡತದಲ್ಲಿ ಇಲ್ಲದ್ದೊಂದನ್ನು ನಾನೇ ಹೇಳುತ್ತೇನೆ. ದಾವಣಗೆರೆಯಲ್ಲಿ ಬಿ.ಎ. ಓದುವಾಗ, 2000ನೇ ಇಸವಿಯಲ್ಲಿ, ರೆಫರಿಯೊಂದಿಗೆ ವಾದಕ್ಕಿಳಿದು ಎರಡು ಸಲ ಪಂದ್ಯದಿಂದ ಹೊರಹಾಕಿಸಿಕೊಂಡಿದ್ದಾಳೆ. ಒಂದು ಸಲ ಅವಳ ಮಾತು ಸರಿಯಿತ್ತಂತೆ, ಇನ್ನೊಂದು ಸಲ ಇರಲಿಲ್ಲವಂತೆ. ಇದನ್ನೂ ಅವಳೇ ನನಗೆ ಹೇಳಿದ್ದು. ಹಾಗಾದರೆ ಇಂಥವಳನ್ನು ತಂಡಕ್ಕೆ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೋಪಿಷ್ಠ ಆಟಗಾರ್ತಿ ಒಂದು ಪಂದ್ಯವನ್ನು ಗೆಲ್ಲಿಸಿಕೊಟ್ಟು ಎರಡನ್ನು ಕಳೆಯಬಹುದು. ಜೊತೆಯವರನ್ನು ನೋಯಿಸಬಹುದು. ಅಮೃತಾಳ ಹಲ್ಲು ಮತ್ತೆ ಬಂದಿಲ್ಲ, ಅದನ್ನು ನಾನು ಮರೆತಿಲ್ಲ. ಆದರೆ ನಿಮ್ಮ ಈಗಿನ ತಂಡವನ್ನು ನೋಡಿ. ಹನ್ನೆರಡೂ ಜನರ ನಡತೆ ತೃಪ್ತಿಕರ. ಕಳೆದ ಋತುವಿನ ಆರೂ ಪಂದ್ಯಗಳನ್ನು ಅವರು ತೃಪ್ತಿಕರವಾಗಿ ಸೋತಿದ್ದಾರೆ. ಆ ಹನ್ನೆರಡು ಜನರಲ್ಲಿ ಯಾರಿಗೆ ಕೋಪವಿದೆ, ಯಾರಲ್ಲಿ ಹೊಟ್ಟೆಕಿಚ್ಚಿದೆ, ಯಾರು ತಪ್ಪು ಮಾಡಿ ಪಕ್ಕದವರ ಮೇಲೆ ಹಾಕುತ್ತಾರೆ, ನಿಮಗೆ ಗೊತ್ತೇ? ಗೊತ್ತಿಲ್ಲ. ನನ್ನಂಥವರು ಗುಡ್ಡೆ ಹಾಕಿಕೊಂಡು ಒತ್ತಿದ ಸೀಲುಗಳಷ್ಟೇ ನಿಮ್ಮ ಹತ್ತಿರ ಇವೆ. ದೋಷ ಏನೆಂದು ಮೊದಲೇ ಪೂರ್ತಿ ಗೊತ್ತಿರುವ ಒಬ್ಬಳೇ ಅಭ್ಯರ್ಥಿ ಸೌಭಾಗ್ಯ. ಗೊತ್ತಿರುವ ದೋಷವನ್ನು ತರಬೇತುದಾರರು ತಿದ್ದಬಹುದು. ತಪ್ಪು ಮಾಡಿದರೆ ಅವಳೇ ಬಂದು ಹೇಳುತ್ತಾಳೆ ಎಂಬುದಕ್ಕೆ ನಿಮ್ಮ ಸಂದರ್ಶನದ ಕೋಣೆಯೇ ಸಾಕ್ಷಿ.

ನನ್ನ ಮಾತು ಒಂದು ಕಡೆಗೆ ವಾಲಿರಬಹುದೆಂದು ಹಲ್ಲು ಕಳೆದುಕೊಂಡವಳನ್ನೇ ಕೇಳಿದೆ. ಅಮೃತಾ ಮದುವೆಯಾಗಿ ಹಗರಿಬೊಮ್ಮನಹಳ್ಳಿಯಲ್ಲಿದ್ದಾಳೆ. "ನಾ ಇನ್ನೂ ಪೂರ್ತಿ ಕ್ಷಮಿಸಿಲ್ರಿ ಸಾರ್," ಎಂದಳು. "ಆದ್ರ ನಾ ಆಡಿದ ಮಾತೂ ಚಲೋ ಇರಲಿಲ್ಲ. ಆಕೀನ ತಗೋಬೇಕ್ರಿ. ಪ್ರಾಕ್ಟೀಸಿಗೆ ಮಾತ್ರ ನನ್ನ ಎದುರಿಗೆ ನಿಲ್ಲಸಬ್ಯಾಡ್ರಿ." ಕಟ್ಟಿಸಿಕೊಂಡ ಹಲ್ಲು ತೋರಿಸಿ ನಕ್ಕಳು. ಈ ಮಾತನ್ನು ಪತ್ರಿಕೆಯಲ್ಲಿ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.

ಜುಲೈ 28ರ ಭಾನುವಾರ ಹಲವಾಗಲಿಗೆ ಹೋದೆ. ಹೊಳೆಯ ದಂಡೆಯ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ನಾಟಿ ಮಾಡುವವರ ಸಾಲಿನಲ್ಲಿ ಅವಳನ್ನು ಗುರುತಿಸಲು ಕಷ್ಟವಾಗಲಿಲ್ಲ, ಬಗ್ಗಿ ನಿಂತರೂ ಉಳಿದವರಿಗಿಂತ ಎತ್ತರ. ಬದುವಿನ ಮೇಲೆ ಬುತ್ತಿ ಕಾಯುತ್ತಿದ್ದ ತಾಯಿ ಮರುಳಸಿದ್ದಮ್ಮ ನನ್ನನ್ನು ನೋಡಿದ ಕೂಡಲೇ ಅಂದರು: "ಬರ್ರಿ ಸಾಹೇಬ್ರ. ಇನ್ನೂ ಏನರ ಬರಿಯೂದು ಉಳದೈತೇನು?"

ನಾನು ತಲೆ ತಗ್ಗಿಸಿದೆ. ಸೌಭಾಗ್ಯ ಕೈ ತೊಳೆದುಕೊಂಡು ಬಂದಳು. ಹಿಂಬದಿಯ ಜೆರಾಕ್ಸ್ ಆಗದ ಸಂಗತಿ ಹೇಳಿದೆ. "ಅಂಗಡ್ಯಾಗ ಒಂದ ಬದಿ ತಗದ್ರು. ಅಸಲಿ ನನ್ನ ಕೈಯಾಗ ಐತಲ್ಲ, ಕೇಳಿದ್ರ ತೋರಸಿದ್ರಾತು ಅಂದ್ಕೊಂಡೆ. ಇಂಟರ್‌ವ್ಯೂದಾಗ ಅಸಲಿ ಇಸಗೊಂಡ್ರು, ಯಾರೂ ತಿರುವಿ ನೋಡಲಿಲ್ಲ," ಎಂದಳು. ನಾನು ಮಾಡಿದ್ದು ತಪ್ಪಾಯಿತು, ನಿನ್ನನ್ನು ಕೇಳದೆ ಆ ಕಾಗದ ಕೊಟ್ಟೆ ಎಂದೆ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾರ್."

ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳ ಸಿಟ್ಟನ್ನು ನಾನು ಬಲ್ಲೆ. ಅದು ಇಲ್ಲದಿರುವುದನ್ನು ಅಂದು ಮೊದಲ ಸಲ ಕಂಡೆ.

"ಆ ಮೊದಲಿನ ಕಾಗದ ಇತ್ತಲ್ರಿ," ಎಂದಳು, "ದಾವಣಗೆರಿ ಹಾಸ್ಟೆಲ್‌ನ್ಯಾಗ ಯಾರರ ಏನರ ಅಂದ್ರ ತಗದು ಓದ್ತಿದ್ದೆ. ನನ್ನ ನಂಬಬೌದು ಅಂತ ಒಬ್ರು ಬರದಾರ ಅಂತ. ಈಗ ಅದೂ ಅವರ ಹತ್ರ ಐತಿ. ಮತ್ತ ನಾನು ಸುಳ್ಳಿ ಅಂತ ಸರ್ಕಾರದ ಕಾಗದ ನನ್ನ ಹತ್ರ ಐತಿ."

ಅಷ್ಟು ಹೇಳಿ ಸಾಲಿಗೆ ಮರಳಿದಳು. ಬಾಲು ಮುಟ್ಟಿ ಎಷ್ಟು ದಿನವಾಯಿತೆಂದು ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ.

ದಾಖಲೆಯ ಪ್ರಕಾರ ಅವಳು ಹುಟ್ಟಿದ್ದು 1979ರ ಜೂನ್ 1. ನಿಮ್ಮ ತಂಡಕ್ಕೆ ವಯೋಮಿತಿ ಇಪ್ಪತ್ತೈದು. ನಿಷೇಧ ಮುಗಿಯುವುದು 2005ರ ಜೂನಿನಲ್ಲಿ, ಆಗ ಅವಳಿಗೆ ಇಪ್ಪತ್ತಾರು ತುಂಬಿರುತ್ತದೆ. ಅಂದರೆ ನೀವು ಮೂರು ವರ್ಷವೆಂದು ಬರೆದದ್ದು ಶಾಶ್ವತ ನಿಷೇಧ. ಈ ಲೆಕ್ಕವನ್ನು ಸಮಿತಿಯಲ್ಲಿ ಯಾರಾದರೂ ಮಾಡಿ ನೋಡಿದ್ದಿರಾ?

ನನ್ನ ಬೇಡಿಕೆ ಇಷ್ಟೇ. ನೀವು ಮೊಹರು ಮಾಡಿಟ್ಟ ಆ ಲಕೋಟೆಯನ್ನು ಸಮಿತಿಯ ಎಲ್ಲ ಸದಸ್ಯರ ಎದುರು ತೆರೆಯಿರಿ. 1998ರ ಹಾಳೆಯನ್ನು ತಿರುಗಿಸಿ, ಹಿಂಬದಿಯನ್ನು ಗಟ್ಟಿಯಾಗಿ ಓದಿ. 2002ರ ಹಾಳೆ ಸುಳ್ಳು, ಅದನ್ನು ಸೃಷ್ಟಿಸಿದವನು ನಾನು. ನನ್ನ ಮೇಲೆ ದೂರು ದಾಖಲಿಸಿ, ಕರೆದಲ್ಲಿಗೆ ಬಂದು ಹೇಳಿಕೆ ಕೊಡುತ್ತೇನೆ. ಸೌಭಾಗ್ಯಳ ನಿಷೇಧ ರದ್ದುಮಾಡಿ, ಅಕ್ಟೋಬರ್ 7ರ ಶಿಬಿರಕ್ಕೆ ಅವಳ ಹೆಸರಿಗೇ ಕರೆಪತ್ರ ಕಳಿಸಿ. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳ ಪರವಾಗಿ ಮಾತು ಕೊಡುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ. ಆಟದಲ್ಲಿ ಸಾಲದೆಂದು ನಿಮ್ಮ ತರಬೇತುದಾರರು ಬಿಟ್ಟರೆ ನನ್ನದು ತಕರಾರಿಲ್ಲ.

ಅವಳನ್ನು ತಂಡಕ್ಕೆ ತೆಗೆದುಕೊಳ್ಳದಿದ್ದರೂ ಇದೊಂದನ್ನು ಮಾಡಿಕೊಡಿ. ರದ್ದತಿ ಆದೇಶದಲ್ಲಿ ಒಂದು ವಾಕ್ಯ ಬರೆಯಿರಿ: 'ಸಮಿತಿ ಕೇಳಿದ ಪ್ರಶ್ನೆಗೆ ಅಭ್ಯರ್ಥಿ ನಿಜವನ್ನೇ ಹೇಳಿದ್ದಾರೆ.' ಅದನ್ನು ಮುಂಬದಿಯಲ್ಲೇ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಅಂಚೆಗೆ ಹಾಕಿ. ನಾಳೆ ಯಾರಾದರೂ ಏನಾದರೂ ಅಂದರೆ ತೆಗೆದು ಓದಲು ಆ ಹುಡುಗಿಯ ಕೈಯಲ್ಲಿ ಒಂದು ಕಾಗದವಿರಲಿ.

ಇಂತಿ,
ತನ್ನ ಸಹಿಯ ಮೇಲೆ ತನಗೇ ನಂಬಿಕೆ ಹೋಗಿರುವ,
ಪಂಚಾಕ್ಷರಪ್ಪ
ನಿವೃತ್ತ ಪ್ರಾಂಶುಪಾಲ, ಕೊಟ್ಟೂರು
19 ಆಗಸ್ಟ್ 2002